ಚಪ್ಪಲಿ ಕಚ್ಚುವುದು ಅಂಚಿನಿಂದ
ತೊಗಲಿನ ಏಣು ಹೆರೆಯುವ ಪುಟ್ಟ ಉಳಿ: ಆರಿಸುವ ಬಗೆ, ಹಿಡಿಯುವ ಬಗೆ

ಆದವಾನಿ: ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡಿದ ದಿನ, ಮನೆಗೆ ಸಾಮಾನು ಕಟ್ಟಿಸುವ ಮುಂಚೆ ರೈತ ಚಪ್ಪಲಿ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲುವುದುಂಟು. ತೊಗಲಿನ ಜೋಡನ್ನು ಕೈಗೆ ತಗೊಂಡು ಮೊದಲು ಅಟ್ಟೆ ಬಗ್ಗಿಸಿ ನೋಡುತ್ತಾನೆ. ಆಮೇಲೆ ಹೆಬ್ಬೆರಳನ್ನು ಪಟ್ಟಿಯ ಅಂಚಿನ ಮೇಲೆ ಎಳೆಯುತ್ತಾನೆ. ಬೆರಳಿಗೆ ಚುರುಕ್ ಅಂದರೆ ಮುಗಿಯಿತು. ‘ಇದು ಕಚ್ತೈತಿ, ಬ್ಯಾಡ’ ಎಂದು ಕೆಳಗಿಟ್ಟು ಪಕ್ಕದ ರಬ್ಬರ್ ಚಪ್ಪಲಿಯ ಕಡೆ ಹೊರಳುತ್ತಾನೆ. ಕೂತು ಬೆನ್ನು ಬಗ್ಗಿಸಿ ಹೊಲಿದವನ ಮಾಲು ಒಂದು ಬೆರಳಿನ ಪರೀಕ್ಷೆಯಲ್ಲಿ ಬಿದ್ದುಹೋಗುತ್ತದೆ.

ಹೊಸ ಚಪ್ಪಲಿ ಕಚ್ಚುತ್ತದೆ ಎಂಬುದು ಎಲ್ಲರ ಮನೆಯ ಮಾತು. ಮದ್ದೂ ಎಲ್ಲರಿಗೆ ಗೊತ್ತು: ರಾತ್ರಿ ಎಣ್ಣೆ ಹಚ್ಚಿ ಇಡುವುದು. ಎಣ್ಣೆಗೆ ತೊಗಲು ಮೆತ್ತಗಾಗುವುದು ನಿಜ. ಆದರೆ ಕಚ್ಚುವ ಹಲ್ಲು ಇರುವುದೇ ಬೇರೆ ಕಡೆ. ನೆಟ್ಟಗೆ ಕೊಯ್ದ ಪಟ್ಟಿಯನ್ನು ಅಡ್ಡಕ್ಕೆ ಹಿಡಿದು ನೋಡಿ. ಅಂಚಿನಲ್ಲಿ ಮೇಲೊಂದು, ಕೆಳಗೊಂದು ಏಣು ಕಾಣುತ್ತದೆ, ಇಟ್ಟಿಗೆಯ ಮೂಲೆಯ ಹಾಗೆ. ಕಾಲಿಗೆ ತಾಗುವುದು ಕೆಳಗಿನ ಏಣು. ನಡೆದಂತೆಲ್ಲ ಅದು ಅದೇ ಜಾಗವನ್ನು ಉಜ್ಜುತ್ತದೆ. ಆದವಾನಿ, ಆಲೂರು, ಕೋಸಿಗಿ ಕಡೆಯ ಬೇಸಿಗೆಯಲ್ಲಿ ಬೆವರಿನ ಜೊತೆ ಎರೆಮಣ್ಣಿನ ಧೂಳು ಸೇರಿದರೆ ಸಂಜೆಯೊಳಗೆ ಬೊಬ್ಬೆ ಏಳುತ್ತದೆ.

ಈ ಏಣನ್ನು ಸಣ್ಣ ಎಳೆಯಾಗಿ ಹೆರೆದು ತೆಗೆಯುವ ಉಳಿಯೇ ಎಡ್ಜ್ ಬೆವೆಲರ್. ಅಂಗೈಗೆ ಕೂಡುವ ಮರದ ಹಿಡಿ, ಮುಂದೆ ಬೆರಳುದ್ದದ ಉಕ್ಕಿನ ಕಡ್ಡಿ, ತುದಿಯಲ್ಲಿ ಹಾವಿನ ನಾಲಿಗೆಯಂತೆ ಸೀಳಿದ ಎರಡು ಕವಲು. ಕವಲುಗಳ ನಡುವಿನ ಸಂದಿಯಲ್ಲಿ ಅಲಗು ಇರುತ್ತದೆ. ಒಂದು ಕವಲು ತೊಗಲಿನ ಮೇಲ್ಮೈಗೆ, ಇನ್ನೊಂದು ಅಂಚಿನ ಮಗ್ಗುಲಿಗೆ ಒರಗಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತವೆ. ಕೈಯಿಂದ ಮುಂದಕ್ಕೆ ನೂಕಿದರೆ ಸಂದಿಯಿಂದ ದಾರದಂಥ ತೊಗಲಿನ ಎಳೆ ಸುರುಳಿ ಸುತ್ತಿಕೊಂಡು ಬರುತ್ತದೆ. ಅಷ್ಟೇ ಕೆಲಸ. ನೋಡಲು ಆಟದ ಸಾಮಾನಿನಂತಿದ್ದರೂ ಇದು ಇಲ್ಲದ ಕೈಗೂ ಇರುವ ಕೈಗೂ ಮಾಲಿನಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸ.

ಬೊಬ್ಬೆ ಎದ್ದರೆ ಎರಡು ದಿನ ಕುಂಟಿ ಸುಮ್ಮನಾಗಬಹುದು. ಸಕ್ಕರೆ ಕಾಯಿಲೆಯವರ ಪಾಡು ಹಾಗಲ್ಲ. ಕಾಯಿಲೆ ಹಳೆಯದಾದ ಮೇಲೆ ಹಲವರ ಪಾದಕ್ಕೆ ಸ್ಪರ್ಶ ಮಂದವಾಗುತ್ತದೆ. ಅಂಚು ಉಜ್ಜಿ ಗಾಯವಾದರೂ ನೋವು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗಾಯ ಹುಣ್ಣಾಗಿರುತ್ತದೆ. ಅಂಥವರಿಗೆ ವೈದ್ಯರು ಎಂಸಿಆರ್ ಎಂಬ ಮೆತ್ತನೆಯ ರಬ್ಬರಿನ ಅಟ್ಟೆಯಿರುವ ಚಪ್ಪಲಿ ಹೇಳುತ್ತಾರೆ. ಅಟ್ಟೆ ಎಷ್ಟು ಮೆತ್ತಗಿದ್ದರೂ ಮೇಲಿನ ಪಟ್ಟಿಯ ಒಳ ಅಂಚು ಹರಿತವಿದ್ದರೆ ಪ್ರಯೋಜನ ಅರ್ಧ ಮಾತ್ರ. ಊರಿನ ಹಿರಿಯರಿಗೆ ಅಳತೆ ಕೊಟ್ಟು ಚಪ್ಪಲಿ ಹೊಲಿಸುವವರು ಇದೊಂದನ್ನು ಬಾಯಿಬಿಟ್ಟು ಕೇಳುವುದು ಒಳ್ಳೆಯದು: ‘ಅಣ್ಣಾ, ಒಳಗಡೆ ಏಣು ತೆಗೆದು ಕೊಡು.’

ಎತ್ತಿಗೂ ಇದೇ ಮಾತು. ನೊಗದ ಜತ್ತಿಗೆ, ಗಂಟೆಯ ಕೊರಳಪಟ್ಟಿ ಎಲ್ಲ ದಪ್ಪ ತೊಗಲಿನವು. ಗಡಿಯ ಆಚೆ ಕಾರಹುಣ್ಣಿಮೆ, ಈಚೆ ತೆಲುಗಿನವರ ಬಾಯಲ್ಲಿ ಏರುವಾಕ. ಹೆಸರು ಯಾವುದಾದರೂ ಎತ್ತಿಗೆ ಹೊಸ ಪಟ್ಟಿ ಕಟ್ಟುವ ಹಬ್ಬ. ಹಬ್ಬ ಮುಗಿದ ಕೂಡಲೆ ಬಿತ್ತನೆಯ ಕೆಲಸ. ಹೊಸ ಪಟ್ಟಿಯ ಹಸಿ ಅಂಚು ಕೊರಳಿನ ಕೂದಲು ಉದುರಿಸಿ ಕೆಂಪಗೆ ಮಾಡಿದರೆ ನೊಣ ಕೂರಲು ಎಷ್ಟು ಹೊತ್ತು? ಮಾತು ಬಾರದ ಪ್ರಾಣಿ ‘ಕಚ್ತೈತಿ’ ಎಂದು ಹೇಳುವುದೂ ಇಲ್ಲ.

ಮೂರು ಭಾಷೆ, ಒಂದೇ ರಂಪಿಗೆ

ಹಾಗಾದರೆ ಹಿಂದಿನವರು ಏಣು ತೆಗೆಯುತ್ತಿರಲಿಲ್ಲವೆ? ತೆಗೆಯುತ್ತಿದ್ದರು, ರಂಪಿಗೆಯಿಂದಲೇ. ಚರ್ಮದ ಕೆಲಸದವರ ಮುಖ್ಯ ಆಯುಧ ಈ ಅಗಲ ಅಲಗಿನ ಕತ್ತಿ. ಕನ್ನಡದಲ್ಲಿ ರಂಪಿಗೆ, ತೆಲುಗಿನಲ್ಲಿ ರಂಪೆ, ಮರಾಠಿಯಲ್ಲಿ ರಾಪಿ. ತೂತು ಹಾಕುವ ಮೊನೆಗೆ ಕನ್ನಡ, ತೆಲುಗು ಎರಡರಲ್ಲೂ ಆರೆ, ಮರಾಠಿಗೆ ಹೋದರೆ ಆರಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದವು ಮೈಸೂರಿಗೆ ಹೋದಾಗ ನಕಾಶೆಯ ಮೇಲೆ ಗೆರೆ ಬಿತ್ತು. ರಂಪಿಗೆ ಮಾತ್ರ ಗೆರೆಯ ಎರಡೂ ಕಡೆ ಒಂದೇ ಹೆಸರಿನಲ್ಲಿ ಉಳಿಯಿತು.

ಪಳಗಿದ ಕೈ ರಂಪಿಗೆಯನ್ನು ಓರೆ ಹಿಡಿದು ಒಂದೇ ಎಳೆತಕ್ಕೆ ಏಣು ತೆಗೆಯುತ್ತದೆ. ಅದರ ಮುಂದೆ ಯಾವ ಬೆವೆಲರೂ ಹೆಚ್ಚಿನದಲ್ಲ. ತೊಂದರೆ ಇರುವುದು ಪಳಗುವುದರಲ್ಲಿ. ಓರೆ ಸ್ವಲ್ಪ ಹೆಚ್ಚಾದರೆ ಪಟ್ಟಿಯ ಮೈಯೇ ಸೀಳುತ್ತದೆ. ಕಡಿಮೆಯಾದರೆ ಅಂಚು ಅಲೆ ಅಲೆಯಾಗುತ್ತದೆ. ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತವರಿಗೆ ಅದು ಬರುತ್ತದೆ. ಈಗ ಓದು ಅರ್ಧಕ್ಕೆ ನಿಂತು ಇಪ್ಪತ್ತು ದಾಟಿದ ಮೇಲೆ ಕೆಲಸಕ್ಕೆ ಕೂಡುವ ಹುಡುಗರಿಗೆ, ಬೆಲ್ಟು, ಪರ್ಸು, ಮೊಬೈಲ್ ಚೀಲ ಹೊಲಿದು ನಾಲ್ಕು ರೂಪಾಯಿ ನೋಡಬೇಕೆನ್ನುವ ಹೆಣ್ಣುಮಕ್ಕಳಿಗೆ ಅಷ್ಟು ವರ್ಷ ಕಾಯಲು ಆಗುವುದಿಲ್ಲ. ಬೆವೆಲರ್ ಅವರಿಗಾಗಿ ಇರುವ ಉಳಿ. ಕೋನವನ್ನು ಕೈ ನೆನಪಿಡುವ ಬದಲು ಉಕ್ಕೇ ಬಹುಪಾಲು ನೆನಪಿಡುತ್ತದೆ.

ಕೊಳ್ಳುವಾಗ ನಂಬರಿನ ಗೊಂದಲ

ಅಂಗಡಿಗೆ ಹೋಗಿ ಅಥವಾ ಫೋನಿನಲ್ಲಿ ತರಿಸಲು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಐದು ಉಳಿಗಳ ಸೆಟ್ಟು. ದರವೂ ಅಗ್ಗ, ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಇಲ್ಲೇ ಹೆಚ್ಚಿನವರು ಮೋಸ ಹೋಗುವುದು. ಅಗ್ಗದ ಸೆಟ್ಟಿನ ಉಕ್ಕು ಬಹಳ ಸಲ ಮೆತ್ತಗೆ. ನಾಲ್ಕು ಬೆಲ್ಟು ಹೆರೆಯುವುದರೊಳಗೆ ಅಲಗು ಮಡಿಸುತ್ತದೆ. ಮೇಲಾಗಿ ಐದರಲ್ಲಿ ಕೆಲಸಕ್ಕೆ ಬರುವುದು ಒಂದೋ ಎರಡೋ. ಉಳಿದವು ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತವೆ. ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದೇ ಒಂದು ಒಳ್ಳೆಯ ಉಳಿ ಕೊಳ್ಳುವುದು ಲಾಭ. ಅಮೆರಿಕದ ಆಸ್ಬರ್ನ್ ಕಂಪನಿ 1826ರಿಂದ ಇರುವ ಹೆಸರು. ಅಂಥ ಹೊರದೇಶದ ಮಾಲು ಸಾವಿರಗಳ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಉಳಿಗೇ ಅಷ್ಟು ಸುರಿಯಬೇಕಾಗಿಲ್ಲ. ಕಾನಪುರದಲ್ಲಿ ಕುದುರೆ ಜೀನು, ಲಗಾಮಿನ ಕೆಲಸ ತಲೆಮಾರುಗಳಿಂದ ಇದೆ. ಆ ಕೆಲಸದವರು ಹಿಡಿಯುವಂಥ ಉಳಿ ದೇಶದೊಳಗೇ ಸಿಗುತ್ತದೆ.

ಉಳಿಯ ಮೇಲೆ 1, 2, 3 ಎಂದು ನಂಬರು ಹೊಡೆದಿರುತ್ತಾರೆ. ನಂಬರು ದೊಡ್ಡದಾದಷ್ಟು ಹೆರೆಯುವ ಎಳೆ ದಪ್ಪ. ಆದರೆ ಒಂದು ಕಂಪನಿಯ 2 ಇನ್ನೊಂದರ 2ಕ್ಕೆ ಸಮ ಇರಬೇಕೆಂದೇನೂ ಇಲ್ಲ. ಜಪಾನಿನ ಕೆಲವು ಉಳಿಗಳಿಗೆ ಮಿಲಿಮೀಟರಿನಲ್ಲೇ ಅಳತೆ ಬರೆದಿರುತ್ತದೆ, ಅದು ನಂಬಿಕೆಗೆ ಮೇಲು. ಹೊರದೇಶದ ಪಟ್ಟಿಗಳಲ್ಲಿ ತೊಗಲಿನ ದಪ್ಪ ಔನ್ಸಿನಲ್ಲಿ ಇರುತ್ತದೆ. ಅದನ್ನು ತೂಕವೆಂದು ತಿಳಿದು ತಲೆ ಕೆಡಿಸಿಕೊಳ್ಳಬಾರದು. ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. 8 ಔನ್ಸಿನ ತೊಗಲು 3.2 ಮಿ.ಮೀ. ದಪ್ಪ.

ನಂಬರು ಮರೆತರೂ ಒಂದು ಲೆಕ್ಕ ನೆನಪಿದ್ದರೆ ಸಾಕು. ಅಂಚಿನ ದಪ್ಪವನ್ನು ಮೂರು ಪಾಲು ಮಾಡಿ. ಮೇಲಿನ ಏಣು ತೆಗೆದಾಗ ಒಂದು ಪಾಲಿಗಿಂತ ಹೆಚ್ಚು ಹೋಗಬಾರದು, ಕೆಳಗಿನದಕ್ಕೂ ಹಾಗೆಯೇ. ನಡುವಿನ ಪಾಲು ನೆಟ್ಟಗೆ ಉಳಿಯಬೇಕು. ಅದನ್ನೂ ತಿಂದುಬಿಟ್ಟರೆ ಅಂಚು ಗುಂಡಗಾಗುವ ಬದಲು ಚೂಪಾಗುತ್ತದೆ, ಇದ್ದ ಕಚ್ಚುವಿಕೆ ದುಪ್ಪಟ್ಟಾಗುತ್ತದೆ. ಒಂದೂವರೆ, ಎರಡು ಮಿ.ಮೀ. ತೊಗಲಿನ ಪರ್ಸು, ಸಣ್ಣ ಪಟ್ಟಿಗಳಿಗೆ ಸಾಮಾನ್ಯವಾಗಿ 1ನೇ ನಂಬರು ಒಗ್ಗುತ್ತದೆ. ಮೂರು, ನಾಲ್ಕು ಮಿ.ಮೀ. ಬೆಲ್ಟಿಗೆ, ಚಪ್ಪಲಿಯ ದಪ್ಪ ಪಟ್ಟಿಗೆ 2. ಎತ್ತಿನ ಸರಂಜಾಮಿಗೆ, ಎರಡು ಪದರ ಅಂಟಿಸಿದ ಅಟ್ಟೆಗೆ 3 ಅಥವಾ 4. ಮೊದಲು ಕೊಳ್ಳುವವರು 2 ಕೊಂಡರೆ ನಷ್ಟವಿಲ್ಲ.

ಅಳೆಯುವ ಸಲಕರಣೆ ಮನೆಯಲ್ಲಿ ಇಲ್ಲದವರು ಅದೇ ತೊಗಲಿನ 10 ಚೂರುಗಳನ್ನು ಒಂದರ ಮೇಲೊಂದು ಒತ್ತಿಟ್ಟು ಮಕ್ಕಳ ಸ್ಕೇಲಿನಲ್ಲಿ ಅಳೆದು 10ರಿಂದ ಭಾಗಿಸಿದರೆ ದಪ್ಪ ಸಿಕ್ಕಿತು.

ಕೊಳ್ಳುವಾಗ ಸಾಧ್ಯವಿದ್ದರೆ ಒಂದು ತೊಗಲಿನ ಚೂರು ಜೇಬಿನಲ್ಲಿ ಇರಲಿ. ಸಂದಿಯನ್ನು ಬೆಳಕಿಗೆ ಹಿಡಿದು ಎರಡು ಕವಲೂ ಒಂದೇ ಉದ್ದ ಇವೆಯೇ, ಅಲಗಿನಲ್ಲಿ ಎರಕದ ಒರಟು ಉಳಿದಿದೆಯೇ ನೋಡಬೇಕು. ಕವಲಿನ ಮೂಲೆ ಚೂಪಾಗಿದ್ದರೆ ಅದು ತೊಗಲಿನ ಮೈಮೇಲೆ ಗೀರು ಎಳೆಯುತ್ತದೆ. ಹಿಡಿ ಅಲುಗಾಡುತ್ತಿದ್ದರೆ ವಾಪಸು ಇಡುವುದೇ ಸರಿ.

ಹಿಡಿಯುವ ಕೈ

ಉಳಿ ಬಂದ ದಿನವೇ ಒಳ್ಳೆಯ ಮಾಲಿಗೆ ಹಚ್ಚಬಾರದು. ಚೂರುಗಳ ಮೇಲೆ ಕೈ ಕೂಡಲಿ. ತೊಗಲನ್ನು ಹಲಗೆಯ ಮೇಲೆ ಇಟ್ಟು, ಎಡಗೈಯಿಂದ ಉಳಿಯ ಹಿಂದುಗಡೆ ಒತ್ತಿ ಹಿಡಿಯುವುದು. ಮುಂದುಗಡೆ ಕೈ ಇಟ್ಟರೆ ಉಳಿ ಜಾರಿದಾಗ ಬೆರಳೇ ಹೋಗುತ್ತದೆ. ಉಳಿಯನ್ನು ಅಂಚಿಗೆ ಅರ್ಧ ಕೋನದಲ್ಲಿ, ಅಂದರೆ 45 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದು ಒಂದೇ ಸಮನೆ ಮುಂದಕ್ಕೆ ನೂಕಬೇಕು. ನಡುನಡುವೆ ನಿಂತರೆ ನಿಂತಲ್ಲೆಲ್ಲ ಗಂಟು ಬೀಳುತ್ತದೆ. ಹಿಡಿಯನ್ನು ತುಸು ಎತ್ತಿದರೆ ಅಲಗು ಆಳಕ್ಕೆ ಇಳಿಯುತ್ತದೆ, ತಗ್ಗಿಸಿದರೆ ಮೇಲೆ ಜಾರುತ್ತದೆ. ಹತ್ತು ಸಲ ನೂಕಿದ ಮೇಲೆ ಕೈಗೇ ತಿಳಿಯುತ್ತದೆ.

ತಿರುವು ಬಂದಲ್ಲಿ ಹೊಸಬರು ಉಳಿಯನ್ನು ತಿರುಗಿಸಲು ಹೋಗುತ್ತಾರೆ. ತಿರುಗಿಸಬೇಕಾದದ್ದು ತೊಗಲನ್ನು. ಬಟ್ಟೆ ಹೊಲಿಯುವವರು ಮಿಷನ್ನಿನ ಕೆಳಗೆ ಬಟ್ಟೆ ತಿರುಗಿಸುವಂತೆಯೇ ಇದು. ಹೆಬ್ಬೆರಳಿನ ಉಂಗುಟದಂಥ ಸಣ್ಣ ಸುತ್ತಿಗೆ 1ನೇ ನಂಬರೇ ಬೇಕು. ಅದಕ್ಕೂ ಉಳಿ ಹೋಗದಿದ್ದರೆ ಮರಳುಕಾಗದ ಸುತ್ತಿದ ಕಡ್ಡಿಯಿಂದ ಉಜ್ಜುವುದು ಲೇಸು.

ಯಾವ ಹಂತದಲ್ಲಿ ಹೆರೆಯಬೇಕು ಎಂಬುದರಲ್ಲಿ ತಪ್ಪುವವರೇ ಜಾಸ್ತಿ. ಒಂಟಿ ಪದರದ ಪಟ್ಟಿಯಾದರೆ ಕೊಯ್ದ ಕೂಡಲೆ ಎರಡೂ ಕಡೆ ಹೆರೆಯಬಹುದು. ಎರಡು ಪದರ ಅಂಟಿಸಿ ಹೊಲಿಯುವ ಮಾಲಾದರೆ ಮೊದಲು ಅಂಟು, ಹೊಲಿಗೆ. ಆಮೇಲೆ ಮರಳುಕಾಗದದಿಂದ ಎರಡೂ ಪದರ ಒಂದೇ ಸಮ ಮಾಡಿ, ಕೊನೆಗೆ ಹೊರಗಿನ ಏಣುಗಳನ್ನು ತೆಗೆಯುವುದು. ಮೊದಲೇ ಹೆರೆದರೆ ಒಳಗೆ ಕೂಡುವ ಅಂಚಿನಲ್ಲಿ ಕಾಲುವೆ ಬಿದ್ದು ಅಲ್ಲಿ ಕೆಸರು ತುಂಬುತ್ತದೆ. ಪದರದ ಒಳಗೆ ಸೇರಿಹೋಗುವ ಅಂಚನ್ನು ಮುಟ್ಟುವುದೇ ಬೇಡ.

ಹೆರೆದರೆ ಕೆಲಸ ಅರ್ಧ ಆಯಿತು. ಅಂಚಿಗೆ ಒದ್ದೆ ಬಟ್ಟೆ ಸವರಿ, ನುಣುಪಾದ ಮರದ ತುಂಡಿನಿಂದ ಅಥವಾ ದಪ್ಪ ಬಟ್ಟೆಯಿಂದ ಬಿರುಸಾಗಿ ಉಜ್ಜಿದರೆ ಎಳೆಗಳು ಕೂತು ಅಂಚು ಹೊಳೆಯುತ್ತದೆ. ಮೇಲೆ ಜೇನುಮೇಣ ಸವರಿದರೆ ನೀರು ಬೇಗ ಇಳಿಯುವುದಿಲ್ಲ. ಏಣು ಇದ್ದಾಗಲೇ ಉಜ್ಜಿದರೆ ಅದು ಅಣಬೆಯ ತಲೆಯಂತೆ ಮಗ್ಗುಲಿಗೆ ಮಡಿಚಿಕೊಂಡು ಇನ್ನೂ ಕೆಡುತ್ತದೆ. ಉಜ್ಜುವ ಮುಂಚೆ ಹೆರೆಯುವುದು ಈ ಕಾರಣಕ್ಕೆ.

ಎಲ್ಲ ತೊಗಲೂ ಹೀಗೆ ಮಾತು ಕೇಳುವುದಿಲ್ಲ. ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿ ಇಂಥವುಗಳಲ್ಲಿ ಹದ ಮಾಡಿದ ತೊಗಲು ಗಟ್ಟಿ. ಎಳೆ ಸಲೀಸಾಗಿ ಬರುತ್ತದೆ, ಉಜ್ಜಿದರೆ ಮಿಂಚುತ್ತದೆ. ಕ್ರೋಮ್ ಹಾಕಿ ಹದ ಮಾಡಿದ ತೊಗಲು ಮೆತ್ತಗೆ, ಎಳೆದರೆ ಹಿಗ್ಗುತ್ತದೆ. ಅಲಗು ಮುಟ್ಟಿದರೆ ಮುದುಡುತ್ತದೆ, ಎಷ್ಟು ಉಜ್ಜಿದರೂ ನಾರು ನಾರು. ಅದಕ್ಕೆ ಅಂಚು ಮಡಿಸಿ ಹೊಲಿಯುವುದೋ ಅಂಚಿಗೆ ಬಣ್ಣದ ಲೇಪ ಹಚ್ಚುವುದೋ ಮಾಡುತ್ತಾರೆ. ಗಟ್ಟಿ ತೊಗಲಿನಲ್ಲೂ ಹೊಟ್ಟೆಭಾಗದ ತುಂಡು ಸಡಿಲ. ಅಂಥದ್ದು ಬಂದಾಗ ಅಂಚನ್ನು ತುಸು ಒದ್ದೆ ಮಾಡಿ ಹೆರೆದರೆ ವಾಸಿ. ಧರ್ಮಾವರದ ಬಳಿಯ ನಿಮ್ಮಲಕುಂಟದ ತೊಗಲುಗೊಂಬೆ ಕಲಾವಿದರಿಗೆ ಈ ಉಳಿಯ ಗೊಡವೆಯೇ ಇಲ್ಲ. ಬೆಳಕು ಹಾಯುವಷ್ಟು ತೆಳ್ಳಗಿನ ತೊಗಲಿನಲ್ಲಿ ಹೆರೆಯಲು ಏಣು ಎಲ್ಲಿದೆ?

ಇನ್ನು ಸಾಣೆ. ಉಳಿ ಕೆಟ್ಟಿತು ಎಂದು ಮೂಲೆಗೆ ಎಸೆದವುಗಳಲ್ಲಿ ಹೆಚ್ಚಿನವು ಕೆಟ್ಟಿಲ್ಲ, ಮೊಂಡಾಗಿವೆ ಅಷ್ಟೆ. ಹೊಸ ಉಳಿ ಕೂಡ ಬಹಳ ಸಲ ಮೊಂಡಾಗಿಯೇ ಬರುತ್ತದೆ. ಎಳೆ ಸುರುಳಿಯಾಗಿ ಬರದೆ ಪುಡಿ ಪುಡಿಯಾದರೆ, ಅಂಚು ಗರಗಸದಂತೆ ಕಂಡರೆ ಸಾಣೆ ಬೇಕೆಂದು ಅರ್ಥ. ಅಲಗು ಸಂದಿಯಲ್ಲಿ ಇರುವುದರಿಂದ ಸಾಣೆಕಲ್ಲು ಒಳಗೆ ಹೋಗದು. ಸಂದಿಗೆ ಕೂಡುವ ದಪ್ಪದ ಕಂಬಿಗೆ 1000 ನಂಬರಿನ, ಆಮೇಲೆ 2000 ನಂಬರಿನ ನೀರುಕಾಗದ ಸುತ್ತಿ ಹಿಂದೆ ಮುಂದೆ ಎಳೆಯಬೇಕು. ಕೊನೆಗೆ ದಪ್ಪ ದಾರಕ್ಕೆ ಪಾಲಿಶಿನ ಹಸಿರು ಸೋಪು ಉಜ್ಜಿ, ಒಂದು ತುದಿ ಕಿಟಕಿಯ ಸರಳಿಗೆ ಕಟ್ಟಿ, ಬಿಗಿಯಾಗಿ ಹಿಡಿದು ಸಂದಿಯನ್ನು ಅದರ ಮೇಲೆ ಎಳೆದರೆ ಕ್ಷೌರದ ಕತ್ತಿಯ ಹದ ಬರುತ್ತದೆ. ಎಳೆಯುವುದು ಹಿಡಿಯ ಕಡೆಗೆ ಮಾತ್ರ. ಅಲಗನ್ನು ಮುಂದಕ್ಕೆ ನೂಕಿದರೆ ದಾರ ತುಂಡಾಗುತ್ತದೆ. ಸಂದಿಯ ತಳ ಚಪ್ಪಟೆ ಇರುವ ಉಳಿಗೆ ದಾರದ ಬದಲು ತೆಳು ತೊಗಲಿನ ಚೂರಿನ ಅಂಚು ಸರಿಹೋಗುತ್ತದೆ. ದಿನಾ ಕೆಲಸ ಶುರು ಮಾಡುವ ಮುಂಚೆ ಹತ್ತು ಎಳೆತ ಸಾಕು.

ಮುದ್ರೆ ಆಚೆಗೆ, ಮಾಲು ಈಚೆಗೆ

ಇಷ್ಟು ಸಣ್ಣ ಉಳಿಗೆ ಇಷ್ಟು ಮಾತು ಯಾಕೆ ಎಂದರೆ ಅದಕ್ಕೆ ಗಡಿಯ ಕಾರಣವೂ ಇದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಅದು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸೇರಿದ ಹೆಸರು. ಇಟಲಿಯ ಪ್ರಾಡಾ ಕಂಪನಿ 2025ರ ಜೂನಿನಲ್ಲಿ ಮಿಲಾನ್ ಪ್ರದರ್ಶನದಲ್ಲಿ ಅದೇ ಮಾದರಿಯ ಚಪ್ಪಲಿ ತೋರಿಸಿ ಮೂಲದ ಹೆಸರು ಹೇಳದೆ ಗದ್ದಲವಾಯಿತು. ಆ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ, ಕರ್ನಾಟಕದ ಲಿಡ್ಕರ್ ಎರಡೂ ನಿಗಮಗಳ ಜೊತೆ ಕಂಪನಿ ಒಪ್ಪಂದಕ್ಕೆ ಬಂತು. ಲಿಡ್ಕರಿಗೆ 2023ರಲ್ಲಿ ನಟ ಡಾಲಿ ಧನಂಜಯ ರಾಯಭಾರಿಯಾದ ಸುದ್ದಿ ಈ ಕಡೆಯ ಕನ್ನಡ ಮನೆಗಳಲ್ಲೂ ಮಾತಿಗೆ ಬಂದದ್ದುಂಟು.

ಆದರೆ ಆದವಾನಿಯಲ್ಲಿ ಕನ್ನಡ ಮಾತಾಡುವ ಕೈ ಹೊಲಿದ ಚಪ್ಪಲಿಗೆ ಆ ಮುದ್ರೆ ಒತ್ತುವಂತಿಲ್ಲ. ಲಿಡ್ಕರ್ ಕರ್ನಾಟಕದ್ದು. ಆಂಧ್ರಕ್ಕೆ ಲಿಡ್‌ಕ್ಯಾಪ್ ಎಂಬ ಬೇರೆ ನಿಗಮ ಇದೆ. ಭಾಷೆ ಒಂದು ಕಡೆ, ಸರ್ಕಾರ ಒಂದು ಕಡೆ ಇರುವ ಕುಟುಂಬಗಳಿಗೆ ಇದು ಹೊಸದೇನಲ್ಲ. ಮುದ್ರೆ ಇಲ್ಲದ ಮಾಲು ಉರುಕುಂದಿ ಈರಣ್ಣನ ಶ್ರಾವಣದ ಜಾತ್ರೆಯಲ್ಲೋ ಮಂತ್ರಾಲಯದ ರಸ್ತೆಯಲ್ಲೋ ರಾಯಚೂರು, ಬಳ್ಳಾರಿಯಿಂದ ಬಂದ ಗಿರಾಕಿಯ ಹೆಬ್ಬೆರಳಿನ ಕೆಳಗೆ ತನ್ನ ಪರೀಕ್ಷೆ ತಾನೇ ಪಾಸಾಗಬೇಕು.

ಗಡಿ ನೋಡದೆ ಇಬ್ಬರಿಗೂ ಸಿಗುವ ಒಂದು ಅನುಕೂಲ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಇದರಲ್ಲಿ 18 ಕಸುಬುಗಳಿದ್ದು, ಚಪ್ಪಲಿ ಹೊಲಿಯುವ ಚರ್ಮಕಾರರ ಕಸುಬೂ ಒಂದು. 18 ವರ್ಷ ತುಂಬಿ, ಕಸುಬನ್ನು ಸ್ವಂತ ಕೈಯಿಂದ ಮಾಡುತ್ತಿರಬೇಕು. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಸರ್ಕಾರಿ ನೌಕರಿಯಲ್ಲಿರುವವರ ಮನೆಗೆ ಇಲ್ಲ. ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಅಂದರೆ ಜನರ ಬಾಯಲ್ಲಿ ಸಿಎಸ್‌ಸಿಯಲ್ಲಿ. ನಂತರ ಪಂಚಾಯತಿ ಅಥವಾ ಪುರಸಭೆಯ ಮಟ್ಟದಲ್ಲಿ ಪರಿಶೀಲನೆ ನಡೆಯುತ್ತದೆ. ಐದರಿಂದ ಏಳು ದಿನದ ಮೂಲ ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ 15,000 ರೂಪಾಯಿವರೆಗೆ ಇ-ವೋಚರ್. ಬೇಕಾದವರಿಗೆ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ, ಅದು ತೀರಿದ ಮೇಲೆ ಎರಡು ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ.

ಹೊಲಿಗೆ ಮಿಷನ್ನು, ಅಂಟಿನ ಡಬ್ಬಿ, ಅಚ್ಚು, ಸುತ್ತಿಗೆ ಎಂದು ಪಟ್ಟಿ ಬೆಳೆಯುವಾಗ ಏಣು ಹೆರೆಯುವ ಉಳಿ ಮರೆತುಹೋಗುವುದು ಸಹಜ. ಸ್ವಂತ ದುಡ್ಡು ಹಾಕುವವರು 2ನೇ ನಂಬರಿನ ಒಂದು ಒಳ್ಳೆಯ ಉಳಿ, 1ನೇ ನಂಬರಿನದೊಂದು, ಎರಡು ಹಾಳೆ ನೀರುಕಾಗದ, ಒಂದು ತುಂಡು ಹಸಿರು ಸೋಪು ಕೊಂಡರೆ ಒಬ್ಬರ ಕೆಲಸಕ್ಕೆ ವರ್ಷಗಟ್ಟಲೆ ಸಾಕು. ಹಿಡಿ ಕೈಗೆ ದೊಡ್ಡದಾದರೆ ಬಡಗಿಯ ಹತ್ತಿರ ಕೆತ್ತಿಸಿಕೊಳ್ಳಬಹುದು, ಹೆಣ್ಣುಮಕ್ಕಳ ಅಂಗೈಗೆ ಬಹಳ ಸಲ ಹಾಗೆ ಮಾಡಿಸಬೇಕಾಗುತ್ತದೆ. ಮಳೆಗಾಲದಲ್ಲಿ ಮಾತ್ರ ಉಳಿಯನ್ನು ಹಸಿ ತೊಗಲಿನ ಗಂಟಿನೊಳಗೆ ಇಡಬಾರದು. ತುದಿಗೆ ಒಂದು ಹನಿ ಎಣ್ಣೆ ಸವರಿ ಒಣ ಬಟ್ಟೆಯಲ್ಲಿ ಸುತ್ತಿ ಇಡಬೇಕು.